ತೋಳಿನ ಬಲ ಪಾದದಲ್ಲಿದೆ

ವೈಟ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿನ ಟೆನಿಸ್ ಕೋರ್ಟಿನಲ್ಲಿ ಬೆಳಿಗ್ಗೆ ಆರಕ್ಕೇ ಚೆಂಡಿನ ಸದ್ದು ಶುರುವಾಗುತ್ತದೆ. ಬರುವವರಲ್ಲಿ ಹೆಚ್ಚಿನವರು ಹಗಲೆಲ್ಲ ಕುರ್ಚಿಯಲ್ಲಿ ಕೂತು ದುಡಿಯುವವರು. ನಾನೂ ಅವರಲ್ಲೊಬ್ಬ. ಸರ್ವ್ ಕಲಿಯುವಾಗ ಎಲ್ಲರೂ ಮಾಡುವುದು ಒಂದೇ. ಚೆಂಡನ್ನು ಮೇಲೆಸೆದು, ಇರುವ ಬಲವನ್ನೆಲ್ಲ ತೋಳಿಗೆ ತಂದು ಬೀಸುತ್ತೇವೆ. ಚೆಂಡು ನೆಟ್‌ಗೆ ಬಡಿದು ಬೀಳುತ್ತದೆ. ಕೋಚ್ ಹೇಳುತ್ತಲೇ ಇರುತ್ತಾರೆ: "ಕೈ ಮರ್ತುಬಿಡಿ ಸಾರ್, ಮಂಡಿ ಬಗ್ಗಿಸಿ."

ಆ ಮಾತು ನನಗೆ ಅರ್ಥವಾಗಲು ತಿಂಗಳುಗಳೇ ಬೇಕಾದವು. ಸರ್ವ್ ಹುಟ್ಟುವುದು ಪಾದ ನೆಲವನ್ನು ಒತ್ತುವಲ್ಲಿ. ಮೀನಖಂಡ, ತೊಡೆ, ಪೃಷ್ಠದ ದೊಡ್ಡ ಸ್ನಾಯುಗಳು ಮೈಯನ್ನು ಮೇಲಕ್ಕೆ ಚಿಮ್ಮಿಸುತ್ತವೆ. ಸೊಂಟ ತಿರುಗುತ್ತದೆ, ಪಕ್ಕೆಯ ಓರೆ ಸ್ನಾಯುಗಳು ಆ ತಿರುವನ್ನು ಎದೆಗೆ ದಾಟಿಸುತ್ತವೆ. ಹೆಗಲು, ಮೊಣಕೈ, ಮಣಿಕಟ್ಟಿನ ಸರದಿ ಬರುವುದು ಕೊನೆಗೆ. ಹೊಡೆತದ ಶಕ್ತಿಯಲ್ಲಿ ಅರ್ಧದಷ್ಟು ಕಾಲು, ಸೊಂಟ, ಮುಂಡದಿಂದಲೇ ಬರುತ್ತದೆ ಎಂಬುದು ಕ್ರೀಡಾ ವೈದ್ಯರ ಲೆಕ್ಕ. ಅರುವತ್ತು ಗ್ರಾಂ ಕೂಡ ತೂಗದ ಚೆಂಡು ರಾಕೆಟ್ಟಿನ ತಂತಿಯ ಮೇಲೆ ನಿಲ್ಲುವುದು ಸೆಕೆಂಡಿನ ಇನ್ನೂರನೇ ಒಂದು ಪಾಲಿನಷ್ಟು ಹೊತ್ತು. ಆಮೇಲೆ, ಬೀಸಿ ಹೋದ ಕೈಯನ್ನು ಯಾರಾದರೂ ಹಿಡಿದು ನಿಲ್ಲಿಸಬೇಕಲ್ಲ? ಆ ಕೆಲಸ ಹೆಗಲ ಹಿಂದಿನ ಪುಟ್ಟ ಸ್ನಾಯುಗಳದ್ದು. ಜಗ್ಗಿಸಿಕೊಳ್ಳುತ್ತಲೇ ಬಿಗಿಹಿಡಿಯಬೇಕಾದ ಅವುಗಳ ಪಾಡೇ ಕಷ್ಟದ್ದು. ಎಲುಬು ಕೂಡ ಈ ದುಡಿಮೆಗೆ ಸ್ಪಂದಿಸುತ್ತದೆ. ವೃತ್ತಿಪರ ಆಟಗಾರರ ಎಕ್ಸ್‌ರೇ ತೆಗೆದು 1977ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಗಂಡಸರ ಆಡುವ ತೋಳಿನ ಎಲುಬಿನ ಗೋಡೆ ಇನ್ನೊಂದು ತೋಳಿನದಕ್ಕಿಂತ ಸುಮಾರು 35% ದಪ್ಪಗಿತ್ತು.

ಕಾಲು ಕೆಲಸ ಬಿಟ್ಟರೆ ಹೊರೆಯೆಲ್ಲ ಕೈಯ ಮೇಲೆ. ಕಳೆದ ವರ್ಷ ಪೀಣ್ಯದಿಂದ ಭಾವ ಫೋನ್ ಮಾಡಿದ್ದರು. "ನಾನು ಬ್ಯಾಟ್ ಮುಟ್ಟಿದೋನಲ್ಲ, ನನಗೆ ಹೆಂಗಪ್ಪ ಟೆನಿಸ್ ಎಲ್ಬೋ ಬಂತು?" ಅವರು ಫಿಟ್ಟರ್ ಆಗಿ ಸೇರಿದವರು, ಈಗ ಲೇತ್ ಮೇಲಿದ್ದಾರೆ. ದಿನವಿಡೀ ಲೋಹದ ತುಂಡನ್ನು ಕಚ್ಚಿ ಹಿಡಿಯುವ ಚಕ್‌ನ ಕೀ ತಿರುಗಿಸಿ ಬಿಗಿ ಮಾಡುವುದು, ಸಡಿಲಿಸುವುದು. ಮಣಿಕಟ್ಟನ್ನು ಮೇಲೆತ್ತಿ ಹಿಡಿಯುವ ಮುಂಗೈ ಸ್ನಾಯುಗಳಲ್ಲಿ ಹೆಚ್ಚಿನವು ಮೊಣಕೈಯ ಹೊರಬದಿಯಲ್ಲಿ, ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಎಲುಬಿಗೆ ಅಂಟಿಕೊಂಡಿವೆ. ಏನನ್ನೇ ಬಿಗಿಹಿಡಿದರೂ ಎಳೆತ ಬೀಳುವುದು ಅಲ್ಲಿಗೇ. ಅಲ್ಲಿ ಹುಟ್ಟುವ ನೋವೇ ಟೆನಿಸ್ ಎಲ್ಬೋ. ಈ ನೋವಿರುವವರಲ್ಲಿ ಹೆಚ್ಚಿನವರು ಟೆನಿಸ್ ಆಡಿದವರೇ ಅಲ್ಲ. ಮೌಸ್ ಹಿಡಿದು ಕೂರುವ ನಮ್ಮ ಕಡೆಯವರಿಗೂ ಬರುತ್ತದೆ. ಚಹಾ ಲೋಟ ಎತ್ತಲೂ ಭಾವ ಎಡಗೈ ಬಳಸುತ್ತಿದ್ದುದನ್ನು ನೋಡಿ ನನಗೆ ಸಂಕಟವಾಯಿತು. ಆ ಕೈಯಿಂದಲೇ ಅವರ ಮನೆ ನಡೆಯಬೇಕು.

ನಮ್ಮವರೇ ಆದ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಆಗ ನೆನಪಾದರು. ಕೊಡಗಿನ ಕಾಫಿ ತೋಟದಲ್ಲಿ ಬೆಳೆದ ಹುಡುಗನಿಗೆ ಹಗ್ಗ ಹತ್ತುವುದು, ಸೌದೆ ಒಡೆಯುವುದೇ ಜಿಮ್ ಆಗಿತ್ತು. ಸೌದೆ ಒಡೆಯುವವರು ಕೊಡಲಿಯನ್ನು ಬರೀ ಕೈಯಿಂದ ಬೀಸುವುದಿಲ್ಲ, ನೆಲದಿಂದ ಬಲ ತರುತ್ತಾರೆ. ಮುಂದೆ ಅವರ ಮಂಡಿಯ ಮೃದ್ವಸ್ಥಿ ಸವೆದು, ಆಟವೇ ಮುಗಿಯಿತೇನೋ ಅನ್ನುವಂತಾಯಿತು. ಆಗ ಅಯ್ಯಂಗಾರ್ ಯೋಗ ಸ್ನಾಯುಗಳನ್ನು ಬಲಪಡಿಸಿ ಕೈಹಿಡಿಯಿತು. ಆ ಪದ್ಧತಿಯನ್ನು ರೂಪಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು ಇಲ್ಲೇ, ಹೊಸಕೋಟೆ ದಾಟಿದರೆ ಸಿಗುವ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಬೋಪಣ್ಣ ಮ್ಯಾಥ್ಯೂ ಎಬ್ಡನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಮಂಡಿಗೆ ಸುತ್ತಲಿನ ಸ್ನಾಯುಗಳೇ ಕಾವಲು ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ.

ಭಾವನ ನೋವು ವಾಸಿಯಾಗಲು ಏಳೆಂಟು ತಿಂಗಳೇ ಹಿಡಿಯಿತು. ಮೊನ್ನೆ ಭಾನುವಾರ ಮನೆಗೆ ಬಂದವರನ್ನು ಕೋರ್ಟಿಗೆ ಕರೆದೊಯ್ದು ರಾಕೆಟ್ ಕೊಟ್ಟೆ. ಹೇಗೆ ನಿಲ್ಲಬೇಕೆಂದು ನಾನು ಹೇಳುವ ಮೊದಲೇ ಎಡಗಾಲು ಮುಂದಿಟ್ಟು, ಮಂಡಿ ತುಸು ಬಗ್ಗಿಸಿ ನಿಂತಿದ್ದರು. "ಐಟಿಐನಲ್ಲಿ ಮೊದಲ ತಿಂಗಳು ಅರ ಹಾಕೋಕೆ ಹಿಂಗೇ ನಿಲ್ಲಿಸ್ತಿದ್ರು. ಕೈಯಲ್ಲಿ ಉಜ್ಜಬೇಡ, ಮೈಯಲ್ಲಿ ತಳ್ಳು ಅಂತ ಬೈತಿದ್ರು. ಲೇತಿಗೆ ಹೋದ ಮೇಲೆ ಮರ್ತೇಹೋಗಿತ್ತು ನೋಡು" ಅಂದರು. ನಾನು ಮೆಲ್ಲಗೆ ಚೆಂಡು ಹಾಕಿದೆ. ಭಾವನ ಹಿಂಗಾಲಿನ ಹಿಮ್ಮಡಿ ನೆಲ ಬಿಟ್ಟು ಎದ್ದಿತು, ಸೊಂಟ ತಿರುಗಿತು, ಚೆಂಡು ನೆಟ್ ದಾಟಿತು.