‘ಬರೀ ಒಂದು ಮರ’ಕ್ಕೆ ನಾಲ್ಕು ವರ್ಷ ಮೂರು ತಿಂಗಳು

2025ರ ಜುಲೈನಲ್ಲಿ ನಾನು ಒಬ್ಬ ರಸ್ತೆ ಗುತ್ತಿಗೆದಾರರ ಹತ್ತಿರ ಇಂಟರ್ನ್‌ಶಿಪ್ ಮಾಡುತ್ತಿದ್ದೆ. ಸಿವಿಲ್ ಓದುವವನಿಗೆ ಟೋಟಲ್ ಸ್ಟೇಷನ್ ಮುಟ್ಟುವ ಅವಕಾಶವಾದರೂ ಸಿಗಬಹುದು ಅಂದುಕೊಂಡು ಹೋದರೆ, ಮೊದಲ ದಿನ ಕೈಗೆ ಬಂದದ್ದು ಒಂದು ಡಬ್ಬ ಕೆಂಪು ಪೇಂಟು, ಒಂದು ಬ್ರಷ್ಷು, ಒಂದು ಅಳತೆ ಟೇಪು. ಅಗಲವಾಗಲಿರುವ ರಸ್ತೆಯ ಎರಡೂ ಬದಿಯ ಮರಗಳಿಗೆ ನಂಬರ್ ಹಾಕಬೇಕು. ಎದೆಮಟ್ಟದಲ್ಲಿ ಟೇಪು ಸುತ್ತಿ ಸುತ್ತಳತೆ ತೆಗೆಯಬೇಕು. ಹಾಳೆಯಲ್ಲಿ ಮರದ ಜಾತಿ, ಸುತ್ತಳತೆ, ಎಡವೋ ಬಲವೋ ಎಂದು ತುಂಬಬೇಕು. ಕೊನೆಯ ಕಾಲಂನಲ್ಲಿ ಎಲ್ಲದಕ್ಕೂ ಒಂದೇ ಮಾತು: ‘ತೆರವು’.

27ನೇ ನಂಬರ್ ಒಂದು ಹುಣಸೆಮರ. ಅದರ ಕೆಳಗೆ ಒಬ್ಬ ಅಜ್ಜಿ ಟೀ ಮಾರುತ್ತಾರೆ. ‘ಏನಪ್ಪಾ ಈ ನಂಬ್ರು, ಮನೆ ಗೋಡೆ ಮೇಲೆ ಬರೆದು ಹೋಗ್ತಾರಲ್ಲ, ಆ ಥರದ್ದಾ?’ ಎಂದು ಕೇಳಿದರು. ‘ಹ್ಞೂ ಅಜ್ಜಿ, ಲೆಕ್ಕಕ್ಕೆ’ ಎಂದೆ. ಪೂರ್ತಿ ಸುಳ್ಳಲ್ಲ, ನಿಜವಂತೂ ಅಲ್ಲ.

ಅದೇ ವಾರ, ಜುಲೈ 15ರಂದು, ಇಂಗ್ಲೆಂಡಿನ ನ್ಯೂಕ್ಯಾಸಲ್ ಕ್ರೌನ್ ಕೋರ್ಟು ಒಂದೇ ಒಂದು ಮರ ಕಡಿದ ಇಬ್ಬರಿಗೆ ತಲಾ ನಾಲ್ಕು ವರ್ಷ ಮೂರು ತಿಂಗಳ ಜೈಲು ಶಿಕ್ಷೆ ಕೊಟ್ಟಿತು. ರಾತ್ರಿ ರೂಮಿನಲ್ಲಿ ಫೋನಿನಲ್ಲಿ ಆ ಸುದ್ದಿ ಓದುವಾಗ ನನ್ನ ಬೆರಳುಗಳ ಸಂದಿಯಲ್ಲಿ ಕೆಂಪು ಪೇಂಟು ಇನ್ನೂ ಹೋಗಿರಲಿಲ್ಲ. ಜೊತೆಗಿದ್ದ ಗೆಳೆಯ, ‘ನೀನು ಹುಷಾರು ಮಗಾ, ನಿಂದು ಎಷ್ಟು ವರ್ಷ ಆಗುತ್ತೆ ಲೆಕ್ಕ ಹಾಕು’ ಎಂದು ನಕ್ಕ. ನನಗೂ ನಗು ಬಂತು. ಆದರೆ ಆಮೇಲೆ ಆ ಪ್ರಕರಣವನ್ನು ಬಿಡದೆ ಓದಿದೆ.

ಉತ್ತರ ಇಂಗ್ಲೆಂಡಿನ ನಾರ್ತಂಬರ್‌ಲೆಂಡ್‌ನಲ್ಲಿ ಹೇಡ್ರಿಯನ್ ಗೋಡೆ ಇದೆ. ರೋಮನ್ ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 122ರಲ್ಲಿ ಕಟ್ಟಿಸಲು ತೊಡಗಿದ, ಸುಮಾರು 117 ಕಿ.ಮೀ. ಉದ್ದದ ಗೋಡೆ. 1987ರಿಂದ ವಿಶ್ವ ಪರಂಪರೆಯ ತಾಣ. ಆ ಗೋಡೆ ಒಂದು ಕಡೆ ಎರಡು ದಿಬ್ಬಗಳ ನಡುವಿನ ತಗ್ಗಿಗೆ ಇಳಿದು ಮತ್ತೆ ಏರುತ್ತದೆ. ಆ ತಗ್ಗಿನ ನಡುವೆ, ಸುತ್ತ ಬೇರೆ ಮರವೇ ಇಲ್ಲದಲ್ಲಿ, ಒಂದು ಸೈಕಮೋರ್ ನಿಂತಿತ್ತು. 19ನೇ ಶತಮಾನದ ಕೊನೆಭಾಗದಲ್ಲಿ ಆ ಜಮೀನಿನ ಒಡೆಯ ಜಾನ್ ಕ್ಲೇಟನ್ ನೆಡಿಸಿದ್ದು ಎನ್ನುತ್ತಾರೆ. ಕೆವಿನ್ ಕಾಸ್ಟ್ನರ್ ನಟಿಸಿದ 1991ರ ರಾಬಿನ್ ಹುಡ್ ಸಿನಿಮಾದಲ್ಲಿ ಕಾಣಿಸಿಕೊಂಡ ಮೇಲೆ ಅದು ಜಗತ್ತಿಗೆಲ್ಲ ಪರಿಚಯವಾಯಿತು. 2016ರಲ್ಲಿ ಜನರ ಮತದಿಂದ ಇಂಗ್ಲೆಂಡಿನ ‘ವರ್ಷದ ಮರ’ ಆಯಿತು. ಅದರ ಕೆಳಗೆ ಹುಡುಗರು ಹುಡುಗಿಯರ ಮುಂದೆ ಮಂಡಿಯೂರಿ ಉಂಗುರ ಕೊಟ್ಟರು, ಮಕ್ಕಳು ತಂದೆ ತಾಯಿಯ ಚಿತಾಭಸ್ಮ ಚೆಲ್ಲಿದರು.

2023ರ ಸೆಪ್ಟೆಂಬರ್ 27ರ ರಾತ್ರಿ, ಆಗ್ನೆಸ್ ಎಂಬ ಬಿರುಗಾಳಿ ಬೀಸುತ್ತಿದ್ದಾಗ, ಪಕ್ಕದ ಕಂಬ್ರಿಯಾದ ಇಬ್ಬರು ಯಂತ್ರದ ಗರಗಸ ಹಿಡಿದು ಬಂದರು. ಎಲ್ಲಿ ಕುಯ್ಯಬೇಕು ಎಂದು ಮೊದಲು ಬೆಳ್ಳಿ ಬಣ್ಣದ ಸ್ಪ್ರೇ ಪೇಂಟಿನಲ್ಲಿ ಗುರುತು ಮಾಡಿಕೊಂಡರು. ಈ ವಿವರ ಓದಿದಾಗ ನಾನು ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಆಮೇಲೆ ಮರ ಬೀಳಬೇಕಾದ ದಿಕ್ಕಿಗೆ ಬೆಣೆಯಾಕಾರದ ತುಂಡೊಂದನ್ನು ಕುಯ್ದು ತೆಗೆದರು, ನಂತರ ಹಿಂಬದಿಯಿಂದ ಕೊಯ್ದರು. ಫೋನಿನಲ್ಲಿ ತೆಗೆದ ವಿಡಿಯೊ 2 ನಿಮಿಷ 41 ಸೆಕೆಂಡಿನದು. ಬೆಣೆಯ ತುಂಡನ್ನು ಪದಕದ ಹಾಗೆ ಕಾರಿನಲ್ಲಿಟ್ಟುಕೊಂಡು ಮನೆಗೆ ಹೋದರು. ಮರುದಿನ ಸುದ್ದಿ ಎಲ್ಲೆಡೆ ಹರಡಿದಾಗ ಒಬ್ಬರಿಗೊಬ್ಬರು ಧ್ವನಿ ಸಂದೇಶ ಕಳಿಸಿಕೊಂಡು, ಇದು ವೈರಲ್ ಆಗಿದೆ ಎಂದು ಹಿಗ್ಗಿದರು. ಯಾಕೆ ಕಡಿದರು ಎಂಬುದಕ್ಕೆ ಕೋರ್ಟಿನಲ್ಲೂ ಸರಿಯಾದ ಉತ್ತರ ಸಿಗಲಿಲ್ಲ. ವಿಚಾರಣೆಯಲ್ಲಿ ಇಬ್ಬರೂ ತಾವಲ್ಲ ಎಂದೇ ವಾದಿಸಿದರು. ಪೌರುಷ ತೋರಿಸುವ ಚಟ, ಒಂದು ಥ್ರಿಲ್, ಅಷ್ಟೆ.

ಜನರ ಪ್ರತಿಕ್ರಿಯೆ ಮಾತ್ರ ಯಾರೂ ಊಹಿಸದಷ್ಟಿತ್ತು. ಬಿದ್ದ ಮರವನ್ನು ನೋಡಲು ಜನ ಗುಡ್ಡ ಹತ್ತಿ ಬಂದರು, ಅತ್ತರು. ಒಬ್ಬರು ತಾವೇ ಸಸಿ ತಂದು ಬುಡದ ಹತ್ತಿರ ನೆಟ್ಟರು. ಅದು ಸಂರಕ್ಷಿತ ಪ್ರಾಚೀನ ತಾಣ, ಅಲ್ಲಿ ಅನುಮತಿಯಿಲ್ಲದೆ ನೆಲ ಅಗೆಯುವಂತಿಲ್ಲ ಎಂದು ಅದನ್ನು ತೆಗೆಯಬೇಕಾಯಿತು. ಇಷ್ಟು ಒಳ್ಳೆಯ ಮುಖ. ಇನ್ನೊಂದು ಮುಖವೂ ಇತ್ತು. ಮರ ಬಿದ್ದ ಒಂದೆರಡು ದಿನಗಳಲ್ಲೇ ಪೊಲೀಸರು 16 ವರ್ಷದ ಒಬ್ಬ ಹುಡುಗನನ್ನೂ ಅರವತ್ತು ದಾಟಿದ ಒಬ್ಬರನ್ನೂ ಬಂಧಿಸಿದರು. ಇಬ್ಬರಿಗೂ ಇದರ ಸಂಬಂಧವಿರಲಿಲ್ಲ, ಮುಂದೆ ಬಿಟ್ಟುಬಿಟ್ಟರು. ಅಷ್ಟರಲ್ಲಿ ಊರಿನವರ ಕಣ್ಣು, ಸೋಷಿಯಲ್ ಮೀಡಿಯಾದ ಬೈಗುಳ ಎಲ್ಲವೂ ಅವರ ಮೇಲೆ ಬಿದ್ದಾಗಿತ್ತು. ಮರದ ಮೇಲಿನ ಪ್ರೀತಿ ಎಷ್ಟು ಬೇಗ ಯಾರದೋ ಕುತ್ತಿಗೆ ಹುಡುಕುತ್ತದೆ ನೋಡಿ.

ತಪ್ಪಿತಸ್ಥರಲ್ಲಿ ಒಬ್ಬ ಕೋರ್ಟಿನಲ್ಲಿ ಹೇಳಿದ ಮಾತಿನ ಸಾರ ಇದು: ಇದು ಬರೀ ಒಂದು ಮರ, ಯಾರನ್ನೋ ಕೊಂದ ಹಾಗೆ ಯಾಕೆ ಆಡುತ್ತಿದ್ದಾರೆ ಎಂದು ನನಗೆ ಅರ್ಥವಾಗಲಿಲ್ಲ. ಈ ಮಾತಿಗೆ ಜನ ಇನ್ನಷ್ಟು ಸಿಟ್ಟಾದರು. ನಾನು ಸಿಟ್ಟಾಗುವ ಮೊದಲು ನನ್ನ ಹಾಳೆ ನೆನಪಾಯಿತು. ಅದರಲ್ಲಿಯೂ 27 ಬರೀ ಒಂದು ಮರವೇ. ಸುತ್ತಳತೆ 310 ಸೆಂ.ಮೀ., ಎಡಬದಿ, ತೆರವು.

ನಿಜ ಹೇಳಬೇಕೆಂದರೆ ಸಸ್ಯಶಾಸ್ತ್ರದ ದೃಷ್ಟಿಯಿಂದ ಅವನ ಮಾತು ತಪ್ಪೂ ಅಲ್ಲ. ಸೈಕಮೋರ್ ಅಪರೂಪದ ಮರವಲ್ಲ. ಬ್ರಿಟನ್ನಿನ ಮೂಲ ಮರವೂ ಅಲ್ಲ, ಹೊರಗಿನಿಂದ ಬಂದದ್ದು. ಕೆಲವು ಕಾಡುಗಳಲ್ಲಿ ಅದನ್ನು ಕಳೆಯ ಹಾಗೆ ತೆಗೆಯುತ್ತಾರೆ. ಹಾಗಿದ್ದ ಮೇಲೆ ಜನ ಅತ್ತಿದ್ದು ಯಾವುದಕ್ಕೆ? ತಾವು ನಿಂತ ಜಾಗಕ್ಕೆ, ಅಲ್ಲಿ ತೆಗೆಸಿಕೊಂಡ ಫೋಟೊಗೆ, ಜೊತೆಗೆ ಬಂದಿದ್ದು ಈಗಿಲ್ಲದ ಯಾರಿಗೋ. ಅದು ಕಳ್ಳ ಅಳು ಅಂತ ನಾನು ಹೇಳುವುದಿಲ್ಲ. ಜಗತ್ತಿನಲ್ಲಿ ಯುದ್ಧ ನಡೆಯುತ್ತಿರುವಾಗ ಮರಕ್ಕೆ ಅಳುತ್ತೀರಾ ಎಂದು ಕೇಳಿದವರೂ ಇದ್ದರು. ಅಳುವುದಕ್ಕೆ ರೇಷನ್ ಕಾರ್ಡ್ ಬೇಕಿಲ್ಲ. ನನ್ನ ತಕರಾರು ಬೇರೆ.

ಅದೇ ವರ್ಷ, ಅದೇ ದೇಶದಲ್ಲಿ, 2023ರ ಮಾರ್ಚ್ 14ರ ರಾತ್ರಿ ಪ್ಲಿಮತ್ ಊರಿನ ಆರ್ಮಡಾ ವೇ ಎಂಬ ಬೀದಿಯಲ್ಲಿ ಸುಮಾರು 110 ಮರಗಳನ್ನು ಕತ್ತಲಲ್ಲಿ ಉರುಳಿಸಿದರು. ಉರುಳಿಸಿದ್ದು ಪುಂಡರಲ್ಲ, ನಗರಸಭೆ. ಬೀದಿಯನ್ನು ಹೊಸದಾಗಿ ರೂಪಿಸುವ ಯೋಜನೆ ಅದು. ಜನ ರಾತ್ರಿಯೇ ಕೋರ್ಟಿನ ತಡೆಯಾಜ್ಞೆ ತಂದಿದ್ದರಿಂದ ಕೆಲವೇ ಮರ ಉಳಿದವು. ನಗರಸಭೆಯ ನಾಯಕ ಆ ತಿಂಗಳೇ ಹುದ್ದೆ ಬಿಟ್ಟರು. ಶೆಫೀಲ್ಡ್‌ನದು ಇನ್ನೂ ದೊಡ್ಡ ಕಥೆ. ರಸ್ತೆ ನಿರ್ವಹಣೆಗೆ 25 ವರ್ಷಗಳ ಗುತ್ತಿಗೆ ಒಪ್ಪಂದ ಮಾಡಿಕೊಂಡು, ಅದರಡಿ ಸುಮಾರು 5,600 ಬೀದಿ ಮರಗಳನ್ನು ತೆಗೆದರು. 2016ರ ನವೆಂಬರ್‌ನಲ್ಲಿ ಒಂದು ಬೀದಿಗೆ ಬೆಳಗಿನ ಜಾವ ಪೊಲೀಸರ ಜೊತೆ ಬಂದು ಮರ ಕಡಿಯುವಾಗ, ಅಡ್ಡ ನಿಂತ ಎಪ್ಪತ್ತು ತುಂಬಿದ ಇಬ್ಬರು ಮಹಿಳೆಯರನ್ನು ಬಂಧಿಸಿದರು. ಆ ಪ್ರಕರಣ ಮುಂದೆ ಬಿದ್ದುಹೋಯಿತು. ಸ್ವತಂತ್ರ ವಿಚಾರಣೆಯ ವರದಿ ಬಂದದ್ದು 2023ರ ಮಾರ್ಚ್‌ನಲ್ಲಿ. ನಗರಸಭೆ ಕ್ಷಮೆ ಕೇಳಿತು. ಮರ ಕಡಿಸಿದ್ದಕ್ಕೆ ಜೈಲಿಗೆ ಯಾರೂ ಹೋಗಲಿಲ್ಲ.

ಹೋಗಬೇಕಿತ್ತು ಎಂದಲ್ಲ. ಕಾನೂನಿನ ಲೆಕ್ಕ ಸರಳ. ಸೈಕಮೋರ್ ಪ್ರಕರಣದ ಆರೋಪ ಮರವನ್ನು ಕೊಂದದ್ದಲ್ಲ, ಬೇರೆಯವರ ಆಸ್ತಿಗೆ ಹಾನಿ ಮಾಡಿದ್ದು. ಮರ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯದು. ಬೀಳುವಾಗ ಗೋಡೆಗೂ ಪೆಟ್ಟಾಗಿತ್ತು, ಅದು ಎರಡನೆಯ ಆರೋಪ. ಪ್ಲಿಮತ್‌ನಲ್ಲಿ ಒಡೆಯನೇ ಗರಗಸ ತಂದಿದ್ದ. ಜನ ಮಾತ್ರ ಎರಡೂ ಕಡೆ ‘ನಮ್ಮ ಮರ’ ಎಂದೇ ಅಂದರು, ಕಾನೂನಿನ ಪುಸ್ತಕದಲ್ಲಿ ಆ ‘ನಮ್ಮ’ ಇಲ್ಲ. ಆದರೂ ಜಗತ್ತಿನ ಕಣ್ಣೀರು ಬಂದದ್ದು ಒಂದು ಮರಕ್ಕೆ, 5,600ಕ್ಕೆ ಅಲ್ಲ. ಒಂದು ಮರಕ್ಕೆ ಒಂದು ಚಿತ್ರವಿದೆ, ಇಬ್ಬರು ಖಳನಾಯಕರಿದ್ದಾರೆ. ಟೆಂಡರಿಗೆ ಮುಖವಿಲ್ಲವಲ್ಲ, ಯಾರನ್ನು ಬೈಯುವುದು?

ಸಿವಿಲ್ ವಿದ್ಯಾರ್ಥಿಯಾಗಿ ನನಗೆ ಅತಿ ಕುತೂಹಲ ಹುಟ್ಟಿಸಿದ್ದು ಬೆಲೆ ಕಟ್ಟಿದ ರೀತಿ. ಆರೋಪಪಟ್ಟಿಯಲ್ಲಿ ಮರದ ನಷ್ಟ 6,22,191 ಪೌಂಡ್ ಎಂದಿತ್ತು, ಅಂದರೆ ಆರು ಕೋಟಿ ರೂಪಾಯಿಗೂ ಮೇಲೆ. ಗೋಡೆಯದು 1,144 ಪೌಂಡ್ ಅಷ್ಟೆ! ರೋಮನ್ ಗೋಡೆಗಿಂತ ಮರ ದುಬಾರಿ. ಬ್ರಿಟನ್ನಿನಲ್ಲಿ ಇಂಥ ಮರಗಳಿಗೆ ಬೆಲೆ ಕಟ್ಟಲು ಕ್ಯಾವಟ್ ಎಂಬ ಪದ್ಧತಿ ಇದೆ. ಕಾಂಡದ ಅಡ್ಡಕೊಯ್ತದ ವಿಸ್ತೀರ್ಣವನ್ನು ಒಂದು ದರದಿಂದ ಗುಣಿಸುತ್ತಾರೆ. ಆಮೇಲೆ ಸುತ್ತ ಎಷ್ಟು ಜನ ಇದ್ದಾರೆ, ಅವರ ಕಣ್ಣಿಗೆ ಮರ ಎಷ್ಟು ಬೀಳುತ್ತದೆ, ಹಂದರ ಎಷ್ಟು ಸೊಂಪಾಗಿದೆ, ಇನ್ನೆಷ್ಟು ವರ್ಷ ಬದುಕಬಲ್ಲದು ಎಂಬುದನ್ನು ನೋಡಿ ಏರಿಸುತ್ತಾರೆ, ಇಳಿಸುತ್ತಾರೆ. ಸೌದೆಯ ಬೆಲೆಗೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಎಸ್ಟಿಮೇಷನ್ ಪೇಪರಿನಲ್ಲಿ ಮಣ್ಣು ಅಗೆತಕ್ಕೆ, ಜಲ್ಲಿಗೆ, ಡಾಂಬರಿಗೆ ದರ ಹಾಕುವುದನ್ನು ಕಲಿಸುತ್ತಾರೆ. ಮರ ಬರುವುದು ‘ಜಾಗ ತೆರವುಗೊಳಿಸುವಿಕೆ’ ಎಂಬ ಸಾಲಿನಲ್ಲಿ, ಕಡಿಯುವುದಕ್ಕೆ ತಗಲುವ ಖರ್ಚಾಗಿ. ನಿಂತಿರುವುದಕ್ಕೆ ಬೆಲೆಯೇ ಇಲ್ಲ. ಕ್ಯಾವಟ್‌ನಲ್ಲೂ ತಕರಾರಿಗೆ ಜಾಗವಿದೆ, ಪೌಂಡಿನ ಕೊನೆಯ ಅಂಕಿಯವರೆಗೆ ನಿಖರವಾಗಿ ಹೇಳುವುದು ನನಗೂ ಸ್ವಲ್ಪ ತಮಾಷೆಯಾಗಿ ಕಂಡಿತು. ಆದರೆ ಆ ಕಾಲಂ ಅಲ್ಲಿ ಇದೆ, ನನ್ನ ಹಾಳೆಯಲ್ಲಿರಲಿಲ್ಲ.

ಆ ಪ್ರಕರಣದ ವಿಚಾರಣೆ ಶುರುವಾದ ಏಪ್ರಿಲ್‌ನಲ್ಲಿಯೇ ನಮ್ಮ ಮೈಸೂರಿನ ಹೈದರಾಲಿ ರಸ್ತೆಯಲ್ಲಿ ರಸ್ತೆ ಅಗಲಿಸಲು ಸುಮಾರು 40 ಮರಗಳು ರಾತ್ರೋರಾತ್ರಿ ಉರುಳಿದ್ದವು. ಜನ ಮೋಂಬತ್ತಿ ಹಿಡಿದು ನಿಂತರು. ನನ್ನ ಕ್ಲಾಸಿನವರೂ ಕೆಲವರು ಹೋಗಿದ್ದರು. ನಾನು ಹೋಗಿರಲಿಲ್ಲ, ಇಂಟರ್ನಲ್ಸ್ ಇದ್ದವು ಎಂಬ ನೆಪ. ಅಲ್ಲಿ ಹೆಸರುವಾಸಿಯಾದ ಮರ ಯಾವುದೂ ಇರಲಿಲ್ಲ, ನೆರಳು ಕೊಡುವ ಮರಗಳಷ್ಟೇ. ಅವಕ್ಕಾಗಿ ನಿಂತ ಜನ ನನಗೆ ಈಗ ಹೆಚ್ಚು ದೊಡ್ಡವರಾಗಿ ಕಾಣುತ್ತಾರೆ.

ನಮ್ಮಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ವೃಕ್ಷಾಧಿಕಾರಿ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಇದನ್ನು ನಾನು ಓದಿದ್ದು ಆ ಜುಲೈ ರಾತ್ರಿಯ ನಂತರವೇ. ಓದಿದ ಮೇಲೆ ಒಂದು ವಿಷಯ ಹೊಳೆಯಿತು. ನಾವು ನಂಬರ್ ಹಾಕಿದ್ದು ಒಟ್ಟು 83 ಮರಗಳಿಗೆ. ಆದರೆ ಕಚೇರಿಯಲ್ಲಿ ಪಟ್ಟಿ ಟೈಪ್ ಮಾಡುವಾಗ ಅದು ಎರಡಾಗಿತ್ತು: ಒಂದು ಪ್ಯಾಕೇಜಿನಲ್ಲಿ 41, ಇನ್ನೊಂದರಲ್ಲಿ 42. ಯಾಕೆ ಸರ್ ಎಂದು ಸೂಪರ್‌ವೈಸರನ್ನು ಕೇಳಿದೆ. ‘ಒಂದೇ ಮಾಡಿದ್ರೆ ಸುಮ್ನೆ ತಲೆನೋವು’ ಎಂದರು. ಅವರು ಕೆಟ್ಟ ಮನುಷ್ಯರಲ್ಲ. ಮಧ್ಯಾಹ್ನ ತಮ್ಮ ಡಬ್ಬಿಯ ಮುದ್ದೆಯಲ್ಲಿ ನನಗೂ ಪಾಲು ಕೊಡುತ್ತಿದ್ದರು.

ಸೈಕಮೋರಿನ ಬುಡದಿಂದ 2024ರ ಬೇಸಿಗೆಯಲ್ಲಿ ಎಂಟು ಚಿಗುರುಗಳು ಎದ್ದವು. ಬಿದ್ದ ಮರದ ಬೀಜ, ಕಡ್ಡಿಗಳಿಂದ ಬೆಳೆಸಿದ 49 ಸಸಿಗಳನ್ನು ದೇಶದ ಬೇರೆ ಬೇರೆ ಊರುಗಳಿಗೆ ಹಂಚುತ್ತಿದ್ದಾರೆ, ಬಿದ್ದಾಗ ಮರದ ಎತ್ತರ 49 ಅಡಿ ಇತ್ತು ಎಂದು ಆ ಸಂಖ್ಯೆ. ಕಾಂಡದ ದೊಡ್ಡ ತುಂಡೊಂದನ್ನು ಹತ್ತಿರದ ಸಂದರ್ಶಕರ ಕೇಂದ್ರದಲ್ಲಿ ನಿಲ್ಲಿಸಿದ್ದಾರೆ, ಜನ ಬಂದು ತಬ್ಬಿಕೊಳ್ಳಬಹುದು.

ಇಂಟರ್ನ್‌ಶಿಪ್ ಮುಗಿಯುವ ಮೊದಲು ಅಜ್ಜಿಯ ಹತ್ತಿರ ಹೋಗಿ, ಆ ನಂಬರ್ ಕಡಿಯುವುದಕ್ಕೆ ಹಾಕಿದ್ದು ಎಂದು ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. ‘ಗೊತ್ತಿತ್ತು ಕಣಪ್ಪಾ. ನಿನ್ನ ಬಾಯಲ್ಲಿ ಬರ್ಲಿ ಅಂತ ಸುಮ್ನಿದ್ದೆ’ ಎಂದು ಟೀ ಕೊಟ್ಟರು, ದುಡ್ಡು ತೆಗೆದುಕೊಂಡರು. ರೂಮಿನ ಗೆಳೆಯ, ನಾನು, ಇನ್ನೊಬ್ಬಳು ಸಹಪಾಠಿ ಸೇರಿ ವೃಕ್ಷಾಧಿಕಾರಿಗೆ ಒಂದು ಅರ್ಜಿ ಬರೆದೆವು: ಎರಡೂ ಪಟ್ಟಿ ಒಂದೇ ರಸ್ತೆಯವು, ಒಟ್ಟು 83, ದಯವಿಟ್ಟು ಆಕ್ಷೇಪಣೆ ಕರೆಯಿರಿ ಎಂದು. ಸಹಿ ಹಾಕುವಾಗ ನನ್ನ ಸರ್ಟಿಫಿಕೇಟ್ ಇನ್ನೂ ಬಂದಿರಲಿಲ್ಲ, ಕೈ ಸ್ವಲ್ಪ ನಡುಗಿತು. ಸರ್ಟಿಫಿಕೇಟ್ ಆಮೇಲೆ ಬಂತು, ಅರ್ಜಿಗೆ ಉತ್ತರ ಬಂದಿಲ್ಲ. ಹೋದ ಭಾನುವಾರ ಬಸ್ಸಿನಲ್ಲಿ ಆ ದಾರಿಯಲ್ಲೇ ಬಂದೆ. 27 ಇನ್ನೂ ನಿಂತಿದೆ. ಮಳೆಗೆ ಏಳು ಅರ್ಧ ಅಳಿಸಿಹೋಗಿದೆ.