ಅರ್ಥಶಾಸ್ತ್ರದ ವಿದ್ಯಾರ್ಥಿಗಳ ಮುಂದಿನ ದಾರಿ

ಪದವಿಯ ಕೊನೆಯ ಪರೀಕ್ಷೆಗಳು ಮುಗಿಯುತ್ತಲೆ ಹುಬ್ಬಳ್ಳಿ-ಧಾರವಾಡಗಳ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆಯು ಏಳುವದುಂಟು. ಮಗನು ಇಲ್ಲವೆ ಮಗಳು ಅರ್ಥಶಾಸ್ತ್ರವನ್ನು ಓದಿ ಬಿ.ಎ. ಆದದ್ದಾಯಿತು, ಮುಂದೇನು? ಅಮರಗೋಳದ ಮಾರುಕಟ್ಟೆಯ ಗುಮಾಸ್ತರಿಂದ ಹಿಡಿದು ಸರಕಾರಿ ಕಚೇರಿಗಳ ಅಧಿಕಾರಿಗಳ ವರೆಗೆ ಈ ಪ್ರಶ್ನೆಯನ್ನು ನಮ್ಮೆದುರಿಗೆ ಇಟ್ಟವರು ಹಲವರು. ಕೇಳುವದು ಯೋಗ್ಯವೇ ಸರಿ. ಆದರೆ ದುಃಖದ ಸಂಗತಿಯೇನಂದರೆ, ಈ ಪ್ರಶ್ನೆಯನ್ನು ಕೇಳುವ ಹೊತ್ತಿಗೆ ಅದರ ಉತ್ತರದ ಅರ್ಧ ಭಾಗವು ಕೈಮೀರಿ ಹೋಗಿರುತ್ತದೆ. ನಮ್ಮ ಹುಡುಗರಲ್ಲಿ ಬುದ್ಧಿಯ ಕೊರತೆಯಿಲ್ಲ. ಕೊರತೆ ಇರುವದು ಸಕಾಲದ ತಿಳುವಳಿಕೆಯಲ್ಲಿ, ಗಣಿತದಲ್ಲಿ, ಮತ್ತು ಭಾಷೆಯ ವಿಷಯದಲ್ಲಿ ಅವರಿಗೆ ಆಗುತ್ತಿರುವ ನ್ಯಾಯದಲ್ಲಿ.

ಈ ನಾಡಿಗೆ ಅರ್ಥಶಾಸ್ತ್ರವು ಹೊಸದಲ್ಲ. ಉಚ್ಚ ಶಿಕ್ಷಣಕ್ಕೆಂದು ಪುಣೆ-ಮುಂಬಯಿಗಳಿಗೆ ಹೋಗಬೇಕಾಗಿದ್ದ ನಮ್ಮ ಹಿರಿಯರು 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜನ್ನು ಕಂಡರು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವನ್ನು ಪಡೆದರು. ಅದೇ 1949ರಲ್ಲಿ ಡಾ. ವಿ.ಕೆ.ಆರ್.ವಿ. ರಾವ್ ಅವರು ದಿಲ್ಲಿಯಲ್ಲಿ ಅರ್ಥಶಾಸ್ತ್ರದ ಪ್ರಸಿದ್ಧ ಶಾಲೆಯನ್ನು ಕಟ್ಟಿದರು. 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನೂ ಅವರೇ ಸ್ಥಾಪಿಸಿದರು. ನಮ್ಮ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಡಿ.ಎಂ. ನಂಜುಂಡಪ್ಪನವರ ಹೆಸರನ್ನು ಅರಿಯದವರಾರು? ಪ್ರೊ. ಪಂಚಮುಖಿಯವರು ಧಾರವಾಡದಲ್ಲಿಯೇ ಒಂದು ಸಂಶೋಧನ ಕೇಂದ್ರವನ್ನು ಬೆಳೆಸಿದರು. ಇಂಥ ಪರಂಪರೆಯುಳ್ಳ ಊರಿನ ಹುಡುಗನು ಇಂದು ದೇಶದ ಮೊದಲನೆಯ ಪಂಕ್ತಿಯ ಅರ್ಥಶಾಸ್ತ್ರ ಶಾಲೆಗಳ ಬಾಗಿಲಲ್ಲಿ ಅಪರೂಪವಾಗಿ ಕಾಣುವದೇಕೆ?

ಇದು ಕೇವಲ ಕೆಲವು ಕುಟುಂಬಗಳ ಹೊಟ್ಟೆಪಾಡಿನ ಪ್ರಶ್ನೆಯೆಂದು ಯಾರೂ ತಿಳಿಯದಿರಲಿ. 2002ರಲ್ಲಿ ನಂಜುಂಡಪ್ಪನವರ ಸಮಿತಿಯು ತನ್ನ ವರದಿಯನ್ನು ಒಪ್ಪಿಸಿದಾಗ, ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದವೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ತೋರಿಸಿಕೊಟ್ಟಿತು. ಆ 39ರಲ್ಲಿ 26 ನಮ್ಮ ಉತ್ತರ ಭಾಗದವೇ ಆಗಿದ್ದವು. ನಾವು ಎಷ್ಟೋ ವರ್ಷ ಸಭೆಗಳಲ್ಲಿ ಕೂಗಿ ಹೇಳಿದ್ದನ್ನು ಆ ವರದಿಯು ಅಂಕಿಗಳಲ್ಲಿ ಹೇಳಿತು. ಅಂದಿನಿಂದ ಅದನ್ನು ಅಲ್ಲಗಳೆಯುವದು ಯಾವ ಮಂತ್ರಿಗೂ ಸುಲಭವಾಗಿ ಉಳಿಯಲಿಲ್ಲ. 2024ರ ಮಾರ್ಚ 11ರಂದು ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಧಾರಣೆಯು ಕುಸಿದಾಗ ರೈತರ ಸಿಟ್ಟು ಬೆಂಕಿಯಾಗಿ ಮಾರುಕಟ್ಟೆಯ ಕಚೇರಿಯನ್ನೇ ಮುಟ್ಟಿತು. ಧಾರಣೆಯು ಏಕೆ ಬಿದ್ದಿತು, ಶೀತಗೃಹದಲ್ಲಿ ಕೂಡಿಟ್ಟ ಮಾಲು ಪೇಟೆಯ ಮೇಲೆ ಯಾವ ಪರಿಣಾಮ ಮಾಡುವದು, ಮುಂದೆ ಹೀಗಾಗದಂತೆ ಏನು ಮಾಡತಕ್ಕದ್ದು ಎಂಬದನ್ನು ಈ ಮಣ್ಣನ್ನೂ ಬಲ್ಲ, ಶಾಸ್ತ್ರವನ್ನೂ ಬಲ್ಲ ತರುಣರು ಹೇಳಬೇಕಲ್ಲದೆ, ದೂರದಲ್ಲಿ ಕುಳಿತವರು ಹೇಳಿದರೆ ಸಾಲದು.

ಇನ್ನು ಪ್ರವೇಶದ ಮಾತು. ದಿಲ್ಲಿಯ ಅರ್ಥಶಾಸ್ತ್ರ ಶಾಲೆ, ಜವಾಹರಲಾಲ ನೆಹರೂ ವಿಶ್ವವಿದ್ಯಾಲಯ, ಹೈದರಾಬಾದ ವಿಶ್ವವಿದ್ಯಾಲಯ ಮುಂತಾದ ಕೇಂದ್ರೀಯ ಸಂಸ್ಥೆಗಳ ಎಂ.ಎ. ತರಗತಿಗೆ ಈಗ ಸಿ.ಯು.ಇ.ಟಿ. ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯೇ ಹೆಬ್ಬಾಗಿಲು. ಸ್ನಾತಕೋತ್ತರ ವರ್ಗಗಳಿಗೆ ಇದು 2022ರಲ್ಲಿ ಆರಂಭವಾಯಿತು. 2024 ಹಾಗೂ 2025ರಲ್ಲಿ ಪರೀಕ್ಷೆಯು ಮಾರ್ಚದಲ್ಲಿಯೇ ತೊಡಗಿತು. ಅರ್ಜಿಗಳನ್ನಂತೂ ಡಿಸೆಂಬರ-ಜಾನೆವರಿಯ ಸುಮಾರಿಗೇ ಕರೆಯಲಾಗಿತ್ತು. ಇತ್ತ ನಮ್ಮಲ್ಲಿ ರೂಢಿಯು ಬೇರೆ. ಆರನೆಯ ಸೆಮಿಸ್ಟರಿನ ಪರೀಕ್ಷೆಯಾಗಲಿ, ಫಲಿತಾಂಶ ಬರಲಿ, ಆ ಮೇಲೆ ನೋಡೋಣವೆಂದು ಮನೆಯವರು ಕುಳಿತಿರುತ್ತಾರೆ. ಅವರು ನೋಡುವ ಹೊತ್ತಿಗೆ ದಿಲ್ಲಿಯ ಪರೀಕ್ಷೆ ಮುಗಿದು ತಿಂಗಳುಗಳೇ ಆಗಿರುತ್ತವೆ. ಕೊನೆಯ ವರ್ಷದಲ್ಲಿ ಓದುತ್ತಿರುವಾಗಲೇ ಅರ್ಜಿ ಹಾಕಬಹುದೆಂಬ ಸಣ್ಣ ಸಂಗತಿಯನ್ನು ಹೇಳುವವರಿಲ್ಲದೆ ವರ್ಷವೊಂದು ಹಾಳಾಗುವದು.

ಎರಡನೆಯದು ಗಣಿತ. ಈ ಶಾಸ್ತ್ರವು ಇಂದು ವರ್ಣನೆಯಿಂದ ನಡೆಯುವದಿಲ್ಲ. ಕಲನಶಾಸ್ತ್ರ, ಬೀಜಗಣಿತ, ಸಂಖ್ಯಾಶಾಸ್ತ್ರಗಳೇ ಅದರ ಕೈಕಾಲುಗಳು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ತನ್ನ ಪರಿಮಾಣಾತ್ಮಕ ಅರ್ಥಶಾಸ್ತ್ರದ ತರಗತಿಗೆ ನಡೆಸುವ ಪ್ರವೇಶ ಪರೀಕ್ಷೆಯ ಎರಡು ಪತ್ರಿಕೆಗಳಲ್ಲಿ ಒಂದು ಮುಖ್ಯವಾಗಿ ಗಣಿತದ್ದೇ. ನಮ್ಮ ಹುಡುಗರಾದರೋ ಪಿ.ಯು.ಸಿ.ಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳ ಎಚ್.ಇ.ಪಿ.ಎಸ್. ಗುಂಪನ್ನು ಹಿಡಿದು ಹತ್ತನೆಯ ಇಯತ್ತೆಯಲ್ಲಿಯೇ ಗಣಿತಕ್ಕೆ ಕೈಮುಗಿದಿರುತ್ತಾರೆ. ಹದಿನಾರನೆಯ ವಯಸ್ಸಿನಲ್ಲಿ ಕಾಲೇಜಿನ ಕಾರಕೂನನ ಎದುರು ತುಂಬಿದ ಒಂದು ಅರ್ಜಿಯು ಇಪ್ಪತ್ತೊಂದನೆಯ ವಯಸ್ಸಿನ ದಾರಿಯನ್ನು ಮುಚ್ಚಿಬಿಡುವದೆಂದು ಅವರಿಗಾರು ತಿಳಿಸಿದ್ದರು? ವಾಣಿಜ್ಯ ವಿಭಾಗದಲ್ಲಿ ಮೂಲಗಣಿತ ಇಲ್ಲವೆ ಸಂಖ್ಯಾಶಾಸ್ತ್ರವನ್ನು ತೆಗೆದುಕೊಂಡವರ ಸ್ಥಿತಿಯು ಇದಕ್ಕಿಂತ ವಾಸಿ.

ಮೂರನೆಯದು ಭಾಷೆ. ಪದವಿ ತರಗತಿಗಳ ಪ್ರವೇಶಕ್ಕೆಂದು ನಡೆಯುವ ಸಿ.ಯು.ಇ.ಟಿ. ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದು. ಅದೇ ಮಂಡಲವು ನಡೆಸುವ ಸ್ನಾತಕೋತ್ತರ ಪರೀಕ್ಷೆಯ ಅರ್ಥಶಾಸ್ತ್ರ ಪತ್ರಿಕೆಯು ಮಾತ್ರ ಇಂಗ್ಲಿಷ್ ಹಾಗೂ ಹಿಂದಿಗಳಲ್ಲಿ ಇರುತ್ತದೆ. ಪ್ರಾಧ್ಯಾಪಕ ವೃತ್ತಿಗೆ ಅವಶ್ಯವಾದ ನೆಟ್ ಪರೀಕ್ಷೆಯ ಸ್ಥಿತಿಯೂ ಅದೇ. ಹಿಂದಿಯ ಮೇಲೆ ನಮಗೆ ದ್ವೇಷವಿಲ್ಲ. ಆದರೆ ಕಾನಪುರದ ಹುಡುಗನಿಗೆ ತನ್ನ ತಾಯಿನುಡಿಯಲ್ಲಿ ಪ್ರಶ್ನೆಯನ್ನು ಓದಿಕೊಳ್ಳುವ ಅನುಕೂಲವಿದ್ದು, ಕುಂದಗೋಳದ ಹುಡುಗಿಗೆ ಅದು ಇಲ್ಲವೆಂದರೆ ಇದನ್ನು ಸಮಾನ ಪರೀಕ್ಷೆಯೆಂದು ಹೇಗೆ ಕರೆಯೋಣ? ರಾಷ್ಟ್ರದ ಐಕ್ಯವು ಇಂಥ ತಾರತಮ್ಯದಿಂದ ಬಲಗೊಳ್ಳಲಾರದು. ಹದಿನೆಂಟರ ವಯಸ್ಸಿಗೆ ಸಾಧ್ಯವಾದದ್ದು ಇಪ್ಪತ್ತೊಂದಕ್ಕೆ ಅಸಾಧ್ಯವಾಗುವದಕ್ಕೆ ನಮಗೆ ಕಾರಣ ತೋರುವದಿಲ್ಲ.

ಓದಿನ ಮುಂದಿನ ಮೆಟ್ಟಲುಗಳನ್ನೂ ಸ್ಪಷ್ಟವಾಗಿ ಅರಿತಿರಬೇಕು. 2022ರ ನಿಯಮಗಳ ಮೇರೆಗೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ ಬೇಕು. ಸಾಮಾನ್ಯವಾಗಿ ಆರು ವರ್ಷಗಳ ಮಿತಿಯುಂಟು. ನೆಟ್ ಪರೀಕ್ಷೆಯಲ್ಲಿ ಮೇಲಿನ ಶ್ರೇಣಿಯಲ್ಲಿ ನಿಂತು ಕಿರಿಯ ಸಂಶೋಧನ ವೇತನವನ್ನು ಪಡೆದವರಿಗೆ 2023ರ ಜಾನೆವರಿಯಿಂದ ತಿಂಗಳಿಗೆ 37,000 ರೂಪಾಯಿ ದೊರೆಯುತ್ತಿದೆ. ಆ ವೇತನವಿಲ್ಲದೆ ಸಂಶೋಧನೆಗೆ ನಿಂತ ಬಡವರ ಮಕ್ಕಳ ಕಷ್ಟವು ಹೇಳತೀರದು. ಆದುದರಿಂದ ಮೊದಲು ವೇತನವನ್ನು ಗಳಿಸಿಕೊಂಡು ಆ ಮೇಲೆ ಸಂಶೋಧನೆಗೆ ಇಳಿಯುವದು ವಿವೇಕದ ದಾರಿಯೆಂದು ನಾವು ಹೇಳುವೆವು.

ಉದ್ಯೋಗದ ವಿಷಯದಲ್ಲಿ ಹುಸಿ ಆಶೆಯನ್ನು ತೋರಿಸುವದು ಪತ್ರಿಕೆಯ ಧರ್ಮವಲ್ಲ. ಎಂ.ಎ. ಮಾಡಿದರೆ ಕಾಲೇಜಿನಲ್ಲಿ ನೌಕರಿ ಎಂಬ ಹಳೆಯ ನಂಬಿಕೆಯು ಈಗ ಉಳಿದಿಲ್ಲ. ರಾಜ್ಯದ ಸರಕಾರಿ ಕಾಲೇಜುಗಳ ಭಾರವನ್ನು ಹತ್ತು ಸಾವಿರಕ್ಕೂ ಮಿಕ್ಕಿದ ಅತಿಥಿ ಉಪನ್ಯಾಸಕರು ಹೊತ್ತಿದ್ದರೆಂಬದೂ, ಸೇವೆಯ ಭದ್ರತೆಗಾಗಿ ಅವರು 2023ರ ಕೊನೆಯಲ್ಲಿ ವಾರಗಟ್ಟಲೆ ಧರಣಿ ಹೂಡಿದರೆಂಬದೂ, 2024ರ ಆರಂಭದಲ್ಲಿ ಗೌರವಧನಕ್ಕೆ 5,000 ರೂಪಾಯಿ ಕೂಡಿಸಿದ್ದರ ಹೊರತು ಅವರ ಮೂಲ ಬೇಡಿಕೆಯಾದ ಕಾಯಂ ನೌಕರಿಯು ಆಗ ಕೈಗೂಡಲಿಲ್ಲವೆಂಬದೂ ವಾಚಕರ ನೆನಪಿನಲ್ಲಿರಬಹುದು. ಅತಿಥಿಯೆಂದು ಕರೆದು ವರ್ಷಾನುಗಟ್ಟಲೆ ಅಂಗಳದಲ್ಲಿಯೇ ನಿಲ್ಲಿಸುವದು ಯಾವ ಮನೆಯ ಮರ್ಯಾದೆ?

ಬೇರೆ ದಾರಿಗಳಿಲ್ಲವೆಂದಲ್ಲ. ಭಾರತೀಯ ಆರ್ಥಿಕ ಸೇವೆಗೆ ಲೋಕಸೇವಾ ಆಯೋಗವು ಪರೀಕ್ಷೆ ನಡೆಸುತ್ತದೆ. ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಯುಳ್ಳ 21ರಿಂದ 30 ವಯಸ್ಸಿನವರು ಕೂಡ್ರಬಹುದು. ಬರವಣಿಗೆಗೆ 1000, ಸಂದರ್ಶನಕ್ಕೆ 200 ಅಂಕಗಳು. ಆದರೆ 2024ರಲ್ಲಿ ಇಡಿಯ ದೇಶಕ್ಕೆ ಪ್ರಕಟವಾದ ಸ್ಥಾನಗಳು 18 ಮಾತ್ರ; ಉತ್ತರಗಳನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕು. ರಿಜರ್ವ್ ಬ್ಯಾಂಕಿನ ಆರ್ಥಿಕ ಸಂಶೋಧನ ವಿಭಾಗವೂ ಅರ್ಥಶಾಸ್ತ್ರಜ್ಞರನ್ನು ಪರೀಕ್ಷೆಯ ಮೂಲಕ ಆರಿಸಿಕೊಳ್ಳುತ್ತದೆ. ಪದವಿಪೂರ್ವ ಕಾಲೇಜಿನ ಉಪನ್ಯಾಸಕತನಕ್ಕೆ ಎಂ.ಎ.ದ ಸಂಗಡ ಬಿ.ಎಡ್. ಬೇಕು. ಅಂಕಿ-ಅಂಶಗಳನ್ನು ಗಣಕಯಂತ್ರದ ಮೇಲೆ ವಿಂಗಡಿಸಬಲ್ಲವರಿಗೆ ಬ್ಯಾಂಕುಗಳಲ್ಲಿ, ಸಂಶೋಧನ ಸಂಸ್ಥೆಗಳಲ್ಲಿ, ಖಾಸಗಿ ಕಂಪನಿಗಳಲ್ಲಿ ಕೆಲಸಗಳುಂಟು. ಸಾರಾಂಶವೇನಂದರೆ, ಬರಿಯ ಪದವಿಗೆ ಬೆಲೆ ಕಡಿಮೆ. ಗಣಿತ, ಗಣಕ, ಸ್ಪಷ್ಟವಾದ ಬರವಣಿಗೆ ಈ ಮೂರು ಕೂಡಿದ ಪದವಿಗೆ ಬೆಲೆ ಇದೆ.

ಪರದೇಶದ ಹಂಬಲವುಳ್ಳವರಿಗೆ ಒಂದು ಎಚ್ಚರಿಕೆ. ಅಮೇರಿಕೆಯ ಒಳ್ಳೆಯ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಐದಾರು ವರ್ಷಗಳದು; ಅಲ್ಲಿ ಸೇರಿದವರಿಗೆ ಸಾಮಾನ್ಯವಾಗಿ ಶುಲ್ಕವನ್ನು ಬಿಟ್ಟುಕೊಟ್ಟು ಜೀವನಕ್ಕೂ ವೇತನ ಕೊಡುವರು. ಇಂಗ್ಲಂಡದ ಒಂದು ವರ್ಷದ ಮಾಸ್ಟರ್ ಪದವಿಯಾದರೋ ಬಹುತರವಾಗಿ ಸ್ವಂತ ಖರ್ಚಿನದು. ಮೊದಲನೆಯದಕ್ಕೆ ಉನ್ನತ ಗಣಿತವೂ ಪ್ರಾಧ್ಯಾಪಕರ ಶಿಫಾರಸು ಪತ್ರಗಳೂ ಬೇಕು. ಎರಡನೆಯದಕ್ಕೆ ಹೆಚ್ಚಾಗಿ ಬೇಕಾದದ್ದು ಹಣ. ಈ ಭೇದವನ್ನು ತಿಳಿಯದೆ, ಮಧ್ಯಸ್ಥರ ಮಾತಿಗೆ ಮರುಳಾಗಿ, ಹೊಲವನ್ನು ಒತ್ತೆಯಿಟ್ಟು ಸಾಲ ಮಾಡುವ ಹಿರಿಯರು ಕೈಯೊಳಗಿನ ಕಾಗದಕ್ಕೆ ರುಜು ಹಾಕುವ ಮುನ್ನ ನಾಲ್ಕು ದಿನ ತಡೆದು ವಿಚಾರಿಸಲಿ.

ಹಾಗಾದರೆ ಮಾಡತಕ್ಕದ್ದೇನು? ಪಾಲಕರು ಪಿ.ಯು.ಸಿ.ಯಲ್ಲಿ ಗಣಿತವನ್ನು ಬಿಡಿಸುವ ಮುನ್ನ ಎರಡು ಸಲ ಆಲೋಚಿಸಲಿ. ಗಣಿತವನ್ನು ಬಿಟ್ಟು ಬಂದವರಿಗಾಗಿ ನಮ್ಮ ಕಾಲೇಜುಗಳು ಪದವಿಯ ಮೊದಲ ವರ್ಷದಿಂದಲೇ ಸಾಯಂಕಾಲದ ಗಣಿತ ತರಗತಿಯನ್ನು ತೆರೆಯಲಿ. ಇದಕ್ಕೆ ದೊಡ್ಡ ಕಟ್ಟಡ ಬೇಡ, ಒಬ್ಬ ಶ್ರದ್ಧಾವಂತ ಶಿಕ್ಷಕನೂ ಒಂದು ಕರಿಹಲಗೆಯೂ ಸಾಕು. ಪ್ರತಿಯೊಂದು ಕಾಲೇಜಿನ ಸೂಚನಾಫಲಕದ ಮೇಲೆ ಅಕ್ಟೋಬರದಲ್ಲಿಯೇ ಪ್ರವೇಶ ಪರೀಕ್ಷೆಗಳ ದಿನಾಂಕಗಳು ಬರಲಿ. ಖಾಲಿ ಬಿದ್ದ ಅಧ್ಯಾಪಕ ಸ್ಥಾನಗಳನ್ನು ರಾಜ್ಯ ಸರಕಾರವು ತುಂಬಲಿ. ಸ್ನಾತಕೋತ್ತರ ಪರೀಕ್ಷೆಯ ಪ್ರಶ್ನೆಗಳು ಕನ್ನಡದಲ್ಲಿಯೂ ಬರಬೇಕೆಂಬ ಬೇಡಿಕೆಯನ್ನು ನಮ್ಮ ಲೋಕಸಭಾ ಸದಸ್ಯರು ಪಕ್ಷಭೇದವಿಲ್ಲದೆ ದಿಲ್ಲಿಯಲ್ಲಿ ಎತ್ತಲಿ. ವಿದ್ಯಾರ್ಥಿಗಳಿಗೂ ಒಂದು ಮಾತು: ಆ ನ್ಯಾಯವು ದೊರೆಯುವ ವರೆಗೆ ಕಾಯುತ್ತ ಕುಳಿತುಕೊಳ್ಳಬೇಡಿರಿ, ಇಂಗ್ಲಿಷಿನ ಗ್ರಂಥಗಳನ್ನು ದಿನಕ್ಕೆ ಹತ್ತು ಪುಟವಾದರೂ ಓದಿ ಅರಗಿಸಿಕೊಳ್ಳಿರಿ, ಓದಿದ್ದನ್ನು ಕನ್ನಡದಲ್ಲಿ ಬರೆದು ನೋಡಿರಿ.

ನಮ್ಮ ಹಿರಿಯರು ಒಂದು ಕಾಲೇಜಿಗಾಗಿ, ಒಂದು ವಿಶ್ವವಿದ್ಯಾಲಯಕ್ಕಾಗಿ ದಶಕಗಟ್ಟಲೆ ಹೋರಾಡಿದರು. ಅವರು ಕಟ್ಟಿಸಿದ ಮನೆಯಲ್ಲಿ ಓದುವ ಮಕ್ಕಳಿಗೆ ಪರೀಕ್ಷೆಯ ದಿನವನ್ನು ಸಕಾಲದಲ್ಲಿ ತಿಳಿಸುವಷ್ಟು ಕೆಲಸವೂ ನಮ್ಮಿಂದ ಆಗದಿದ್ದರೆ, ಹಿಂದುಳಿದ ತಾಲೂಕುಗಳ ಪಟ್ಟಿಯನ್ನು ಬೇರೆಯವರ ಮೇಲೆ ಹೊರಿಸುವ ಅಧಿಕಾರವು ನಮಗೆ ಉಳಿಯಲಾರದು.