ಗದ್ದೆಯ ದಾಂಡಿಗರು

ಕ್ರಿಕೆಟ್ಟಿಗೆ ಹಸುರು ಹುಲ್ಲಿನ ಹಾಸು, ಬಿಳಿಯ ಉಡುಪು, ನಡುವೆ ಚಹಾ ವಿರಾಮ, ಇವೆಲ್ಲವೂ ಬೇಕೆಂದು ತಿಳಿದವರು ಕುಂದಾಪುರದ ಕಡೆಯ ಗದ್ದೆಬಯಲುಗಳನ್ನು ಕಂಡವರಲ್ಲವೆಂದೇ ಹೇಳಬೇಕು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳು ಮೈದಾನವೆಂಬುದು ಕೆರೆ, ಗದ್ದೆಯೆಂಬುದು ಕಡಲು. ಮಳೆಗಾಲದ ಪೈರು ಕೊಯ್ಲಾಗಿ, ನೆಲ ಒಣಗಿ, ಭತ್ತದ ಕೂಳೆ ಬರಿಗಾಲಿಗೆ ಚುಚ್ಚುವಷ್ಟು ಗಟ್ಟಿಯಾದ ಮೇಲೆಯೇ ಊರಿನ ಕ್ಲಬ್ಬುಗಳಿಗೆ ಜೀವ ಬರುತ್ತಿದ್ದುದು.

ಗದ್ದೆಗಳೆಲ್ಲವೂ ಆಟಕ್ಕೆ ಒದಗುತ್ತಿದ್ದವೆಂದಲ್ಲ. ನೀರಿದ್ದಲ್ಲಿ ಎರಡನೆಯ ಬೆಳೆ, ತೇವವಿದ್ದಲ್ಲಿ ಉದ್ದು, ಮರಳುಮಣ್ಣಿದ್ದಲ್ಲಿ ನೆಲಗಡಲೆ. ಉಳಿದ ಒಂದೆರಡು ಗದ್ದೆಗಳೇ ಆಟಗಾರರ ಪಾಲಿನ ಲಾರ್ಡ್ಸ್ ಮೈದಾನ. ಹೊಡೆದ ಚೆಂಡು ನೆರೆಯ ನೆಲಗಡಲೆಯ ಸಾಲಿಗೆ ನುಗ್ಗಿತೆಂದರೆ ಅದನ್ನು ಹುಡುಕಲು ಎರಡು ತಂಡಗಳೂ ಒಮ್ಮನಸ್ಸಿನಿಂದ ಧಾವಿಸುತ್ತಿದ್ದವು. ಚೆಂಡು ದೊರೆತ ಬಹಳ ಹೊತ್ತಿನ ಮೇಲೂ ಹುಡುಕಾಟ ಮುಂದುವರಿಯುತ್ತಿದ್ದುದರ ಮರ್ಮವನ್ನು ಗದ್ದೆಯೊಡತಿ ಚೆನ್ನಾಗಿ ಬಲ್ಲಳು. ಮರುದಿನ ಚೆಂಡು ಆಕೆಯ ಅಂಗಳಕ್ಕೇ ಹೋಗಿ ಬಿದ್ದಾಗ, "ಅಮ್ಮಾ, ಚೆಂಡ್ ಕೊಡಿ ಅಮ್ಮಾ" ಎಂದು ಬೇಲಿಯಾಚೆ ಕೈಕಟ್ಟಿ ನಿಂತವರಿಗೆ, "ಮೊದ್ಲು ನೆಲಗಡ್ಲೆ ತಂದ್ ಕೊಡಿ" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು.

ಆಂಗ್ಲರ ನಿಯಮಾವಳಿಯಲ್ಲಿ, ಚೆಂಡು ಕಳೆದುಹೋದರೆ ದಾಂಡಿಗನಿಗೆ ಕಡಿಮೆಯೆಂದರೂ ಆರು ಓಟಗಳನ್ನು ಕೊಡುವ ಉದಾರ ವಿಧಿಯೊಂದು ಬಹುಕಾಲ ಇದ್ದಿತು. 2017ರ ನಿಯಮಾವಳಿಯಲ್ಲಿ ಅದನ್ನು ಕೈಬಿಡಲಾಯಿತು. ಗದ್ದೆಯ ಶಾಸ್ತ್ರಕಾರರು ಇಂತಹ ಔದಾರ್ಯವನ್ನು ಮೊದಲಿನಿಂದಲೂ ತೋರಿದವರಲ್ಲ. ಬಾವಿಗೆ ಹೊಡೆದವನು ಔಟು. ಬಾವಿಗಿಳಿದು ಚೆಂಡು ತರುವ ಭಾರವೂ ಅವನದೇ. ಮರವಂತೆಯಲ್ಲಿ ರಸ್ತೆಯ ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕೆ. ಅಲ್ಲಿ ಯಾರಾದರೂ ಕ್ರಿಕೆಟ್ ಆಡಿದರೆ ನೇರ ಹೊಡೆತವೊಂದನ್ನಲ್ಲದೆ ಬೇರೇನನ್ನೂ ಕಲಿಯಲಾರರೆಂಬುದು ವಿನೋದದ ಮಾತು.

ಇನ್ನು ದಾಂಡಿನ ವಿಚಾರ. ಎಳೆಯರಿಗೆ ತೆಂಗಿನ ಕೊತ್ತಳಿಗೆಯೇ ದಾಂಡು. ಹಸಿಯಾಗಿದ್ದಾಗ ಅದು ಎತ್ತಲಾರದಷ್ಟು ಭಾರ. ಒಣಗಿದಾಗ ಒಂದೇ ಪೆಟ್ಟಿಗೆ ಸೀಳು. ಬುಡದ ಕಡೆಯ ಅಗಲವಾದ ಭಾಗವನ್ನು ಕೆತ್ತದೆ ಹಾಗೆಯೇ ಉಳಿಸಿಕೊಂಡವನು ಜಾಣ. ಇಂತಹ ಜಾಣತನ ಇಂಗ್ಲೆಂಡಿನಲ್ಲಿಯೂ ನಡೆದುದುಂಟು. 1771ರಲ್ಲಿ ವೈಟ್ ಎಂಬಾತ ಗೂಟಗಳಷ್ಟೇ ಅಗಲವಾದ ದಾಂಡನ್ನು ಹಿಡಿದು ಬಂದುದರಿಂದಲೇ ದಾಂಡಿನ ಅಗಲ 4¼ ಅಂಗುಲವನ್ನು ಮೀರಕೂಡದೆಂಬ ಕಟ್ಟಳೆ ಹುಟ್ಟಿತು. 1979ರಲ್ಲಿ ಆಸ್ಟ್ರೇಲಿಯದ ಡೆನ್ನಿಸ್ ಲಿಲ್ಲಿ ಪರ್ತಿನಲ್ಲಿ ಅಲ್ಯೂಮಿನಿಯಮ್ ದಾಂಡು ಹಿಡಿದು ಆಡಿ ರಂಪವೆಬ್ಬಿಸಿದ ಮೇಲೆ, ದಾಂಡು ಮರದ್ದೇ ಆಗಿರಬೇಕೆಂಬ ವಿಧಿ 1980ರಲ್ಲಿ ಬಂದಿತು. ಕೊತ್ತಳಿಗೆ ಮರದ ಜಾತಿಗೆ ಸೇರಿದುದೋ ಅಲ್ಲವೋ ಎಂಬ ಪ್ರಶ್ನೆ ಮಾತ್ರ ಲಾರ್ಡ್ಸಿನವರೆಗೆ ಹೋಗಲಿಲ್ಲ.

ದೊಡ್ಡವರ ಕ್ಲಬ್ಬಿಗೆ ಅಂಗಡಿಯ ದಾಂಡು ಒಂದಿರುತ್ತಿತ್ತು, ಒಂದೇ ಒಂದು. ಅದನ್ನು ಕೊಳ್ಳಲು ಹಣ ಬರುತ್ತಿದ್ದುದು ಮುಂಬಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದ ಊರಿನ ಯುವಕನ ಮನಿಯಾರ್ಡರಿನಿಂದ. ಆ ಮಹಾನುಭಾವ ರಜೆಯ ಮೇಲೆ ಊರಿಗೆ ಬಂದನೆಂದರೆ, ಆಟ ಬರಲಿ ಬಾರದಿರಲಿ, ಮೊದಲನೆಯ ದಾಂಡಿಗ ಅವನೇ. ಮೊದಲ ಚೆಂಡಿಗೇ ಗೂಟ ಹಾರಿದರೆ ಅದು 'ಟ್ರಯಲ್' ಎಂದು ಎದುರಾಳಿಗಳೂ ಒಪ್ಪುತ್ತಿದ್ದರು. ಅವನು ಮುನಿದು ದಾಂಡನ್ನು ಕಂಕುಳಿಗೇರಿಸಿ ಹೊರಟರೆ ಪಂದ್ಯವೇ ಹೊರಟುಹೋಗುತ್ತಿತ್ತಲ್ಲವೇ?

ದಾಂಡಿನ ಒಡೆಯನಿಗೇ ಇಷ್ಟು ಮರ್ಯಾದೆಯಾದರೆ ಗದ್ದೆಯ ಒಡೆಯನ ಮಗನಿಗೆ ಎಷ್ಟಿರಬೇಡ! ಹಿಂದೆ ಈ ಸೀಮೆಯ ಬಹಳಷ್ಟು ಗದ್ದೆಗಳು ಗೇಣಿಯವು. ಉತ್ತವನು ಒಬ್ಬ, ಒಡೆಯ ಇನ್ನೊಬ್ಬ. ಒಕ್ಕಲಿನ ಮಗ ಚೆಂಡೆಸೆಯಬೇಕು, ಧಣಿಯ ಮಗ ಹೊಡೆಯಬೇಕು. ಧಣಿಯ ಮಗನ ಗೂಟ ಬಿದ್ದಾಗ ಗಾಳಿಗೆ ಬಿತ್ತೆನ್ನುವ ತೀರ್ಪುಗಾರರಿಗೆ ಬರವಿರಲಿಲ್ಲ. ಕೂಗಿ ಔಟು ಕೇಳಿದ ಹುಡುಗನಿಗೆ ಆ ಸಂಜೆ ಮನೆಯಲ್ಲಿ ತಂದೆಯಿಂದಲೇ ಏಟು ಬೀಳುತ್ತಿತ್ತು. ಗೇಣಿ ಬಿಡಿಸಿದರೆ ಉಣ್ಣುವುದೇನನ್ನು ಎಂಬ ಭಯ ಆ ತಂದೆಯದು. ನಗಿಸುವ ನೆನಪುಗಳ ನಡುವೆ ಇದೊಂದನ್ನು ಹೇಳುವಾಗ ಹಿರಿಯರ ದನಿ ತಗ್ಗುತ್ತದೆ.

1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಜಾರಿಗೆ ಬಂದಿತು. ಗೇಣಿಯ ಭೂಮಿ ಸರಕಾರಕ್ಕೆ ಸೇರಿತು. ಒಕ್ಕಲುಗಳು ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿ ಉತ್ತ ನೆಲದ ಹಕ್ಕನ್ನು ಪಡೆಯತೊಡಗಿದರು. ಕಾಯಿದೆಯಲ್ಲಿ ಕ್ರಿಕೆಟ್ಟಿನ ಹೆಸರಿರಲಿಲ್ಲ. ಆದರೂ ಗಾಳಿಗೆ ಗೂಟ ಬೀಳುವುದು ಕ್ರಮೇಣ ಕಡಿಮೆಯಾಯಿತು. ಗದ್ದೆ ತನ್ನ ಮನೆಯದಾದ ಹುಡುಗ ನಿರ್ಭಯವಾಗಿ ಔಟು ಕೇಳಿದ. ಕೇಳಿಸಿಕೊಂಡವನೂ ಗೊಣಗುತ್ತ ದಾಂಡನ್ನು ಕೆಳಗಿಟ್ಟು ನಡೆದ. ಮರುದಿನ ಇಬ್ಬರೂ ಒಂದೇ ತಂಡದಲ್ಲಿ ಆಡಿದರು.

1983ರ ಜೂನ್ 25ರಂದು ಭಾರತವು 183 ಓಟ ಗಳಿಸಿ, ವೆಸ್ಟ್ ಇಂಡೀಸನ್ನು 140ಕ್ಕೆ ಉರುಳಿಸಿ ವಿಶ್ವಕಪ್ಪನ್ನು ಗೆದ್ದಿತು. ಆ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಕಿತ್ತವನು ಕರ್ನಾಟಕದ ರೋಜರ್ ಬಿನ್ನಿ. ಅಲ್ಲಿಂದ ಮುಂದೆ ಕ್ಲಬ್ಬಿಲ್ಲದ ಕೇರಿಯೇ ಇಲ್ಲವೆಂಬಂತಾಯಿತು. ಕುಂದಾಪುರದ ಗಾಂಧಿ ಮೈದಾನದಲ್ಲಿ ಟೆನಿಸ್ ಚೆಂಡಿನ ಪಂದ್ಯಾಟಗಳಿಗೆ ಜನ ಸೇರಿದರು.

ಇಂದು ರಾತ್ರಿಯ ಪಂದ್ಯಗಳಿಗೆ ಹೊನಲು ಬೆಳಕಿದೆ, ತಂಡಕ್ಕೆ ಬಣ್ಣದ ಅಂಗಿಯಿದೆ. ಗದ್ದೆಗಳು ಮಾತ್ರ ಒಂದೊಂದಾಗಿ ಮಣ್ಣು ತುಂಬಿಸಿಕೊಂಡು ಮನೆಗಳಾಗುತ್ತಿವೆ. ಅಂತಹ ಮನೆಯೊಂದರ ಜಗಲಿಯಲ್ಲಿ ಹಳೆಯ ಆಟಗಾರರಿಬ್ಬರು ಕೂತರೆ, ಐವತ್ತು ವರ್ಷದ ಹಿಂದಿನ ಗೂಟವೊಂದು ಗಾಳಿಗೆ ಬಿದ್ದದ್ದೋ ಚೆಂಡಿಗೆ ಬಿದ್ದದ್ದೋ ಎಂಬ ವ್ಯಾಜ್ಯ ಇನ್ನೂ ಬಗೆಹರಿಯುವುದಿಲ್ಲ. ಗದ್ದೆಯ ವ್ಯಾಜ್ಯವಾದರೋ ಎಂದೋ ಮುಗಿದಿದೆ.